ಕತ್ತೆಯ ಕಾಲು

ಗುಬ್ಬಿ ಮೇವು ಮುಟ್ಟುತ್ತಿಲ್ಲ ಎಂದು ಟ್ರೈನರ್ ಫೋನ್ ಮಾಡಿದಾಗ ಬೇಕರಿಯವನು ಒಲೆಯಿಂದ ಬ್ರೆಡ್ಡಿನ ಅಚ್ಚುಗಳನ್ನು ಹೊರಗೆಳೆಯುತ್ತಿದ್ದ. ಗುಬ್ಬಿ ಎಂದರೆ ಹಕ್ಕಿಯಲ್ಲ, ಕುದುರೆ. ಓಟದ ತಳಿಯ ಮೂರು ವರ್ಷದ ಹೆಣ್ಣು. ಹುಟ್ಟಿದಾಗ ಬೊಗಸೆಯಲ್ಲಿ ಹಿಡಿಸುವಷ್ಟಿದ್ದಳು ಎಂದು ಮನೆಯವರು ಒಂದಕ್ಕೆರಡು ಮಾಡಿ ಹೇಳಿ ಇಟ್ಟ ಹೆಸರು ಅದು. ನೋಂದಣಿಯಲ್ಲಿ ಬೇರೊಂದು ಉದ್ದನೆಯ ಹೆಸರಿತ್ತು. ಅದನ್ನು ಓಟದ ದಿನ ಮೈಕಿನಲ್ಲಿ ಕೂಗುವವನು ಬಿಟ್ಟರೆ ಇನ್ಯಾರೂ ಬಳಸುವ ಹಾಗಿರಲಿಲ್ಲ.

ಟ್ರೈನರ್ ಮಾತನ್ನು ಅಳೆದು ತೂಗಿ ಆಡುವ ಮನುಷ್ಯ. ಅವನು ಹೇಳಿದ್ದು ಇಷ್ಟು. ಗುಬ್ಬಿ ಬಂದ ದಿನದಿಂದ ಓಟ್ಸನ್ನು ಮೂಸಿ ನೋಡಿ ಬಿಡುತ್ತಾಳೆ. ಲಾಯದ ಬಾಗಿಲಲ್ಲಿ ನಿಂತು ಎಡಕ್ಕೂ ಬಲಕ್ಕೂ ತೂಗುತ್ತಾಳೆ. ಕಾಲಲ್ಲಿ ಓಟ ಇದೆ, ಹೊಟ್ಟೆಯಲ್ಲಿ ಏನೂ ಇಲ್ಲ. ಮುಂದಿನ ವಾರ ಅವಳ ಮೊದಲ ಓಟ. ಅಷ್ಟರಲ್ಲಿ ತಿನ್ನಲು ಶುರು ಮಾಡದಿದ್ದರೆ ಹೆಸರು ವಾಪಸ್ ತೆಗೆಯುವುದೇ, ಬಂದು ಕರೆದುಕೊಂಡು ಹೋಗುವುದೇ. ಅವಳು ನಿಂತಿರುವ ಜಾಗಕ್ಕೆ ಕಾದು ಕೂತವರು ಬೇಕಾದಷ್ಟು ಜನ ಇದ್ದಾರೆ. ಇಷ್ಟು ಹೇಳಿ, ಮನೆಯಲ್ಲಿ ಅವಳ ಜೊತೆ ಬೇರೆ ಪ್ರಾಣಿ ಏನಾದರೂ ಇತ್ತೇ ಎಂದು ಕೇಳಿದ.

"ಇತ್ತು," ಎಂದ ಬೇಕರಿಯವನು. "ಒಂದು ಕತ್ತೆ."

"ಮತ್ತೇನು, ಕತ್ತೇನ ತಂದುಬಿಡಿ," ಎಂದು ಟ್ರೈನರ್ ಫೋನ್ ಇಟ್ಟ.

ಹೇಳುವವರಿಗೇನು, ಸುಲಭ. ಕತ್ತೆ ಇದ್ದದ್ದು ಅಕ್ಕನ ಮನೆಯ ಹಿಂದಿನ ಬಯಲಿನಲ್ಲಿ, ಎರಡೇ ಬೀದಿಯಾಚೆ. ಅಕ್ಕ ಕೊಡುವುದಿಲ್ಲ ಎನ್ನುವವಳೂ ಅಲ್ಲ. ತೊಡಕಿದ್ದದ್ದು ಆ ಕತ್ತೆಯ ಹೆಸರಿನಲ್ಲಿ. ಅದರ ಹೆಸರು ಭಾವ.

ಈ ಹೆಸರಿನ ಕತೆ ತಿಳಿಯಬೇಕಾದರೆ ಕುದುರೆಯ ಕತೆ ತಿಳಿಯಬೇಕು. ಬೇಕರಿಯವನ ಅಕ್ಕನ ಗಂಡ, ಅಂದರೆ ನಿಜವಾದ ಭಾವ, ಕೊಳಾಯಿ ಕೆಲಸದವರು. ಊರಾಚೆ ಒಂದು ಕುದುರೆ ಸಾಕುವ ಫಾರಂ ಮುಚ್ಚುತ್ತಿದ್ದಾಗ ಅಲ್ಲಿಯ ನಲ್ಲಿಗಳನ್ನು ಬಿಚ್ಚಿಕೊಡಲು ಹೋದವರು ಸಂಜೆ ಒಂದು ಕುದುರೆಯನ್ನು ಹಿಡಿದುಕೊಂಡು ಬಂದರು. ವಯಸ್ಸಾದ ಹೆಣ್ಣು ಕುದುರೆ, ಹೊಟ್ಟೆಯಲ್ಲಿ ಮರಿ. ಹರಾಜಿನಲ್ಲಿ ಯಾರೂ ಬಾಯಿ ಬಿಡಲಿಲ್ಲವಂತೆ. ಪಾಪ ಅದು ಇವರ ಕಡೆಯೇ ನೋಡಿತಂತೆ. ಕೂಲಿಯ ಬದಲು ಕುದುರೆ. ಅಕ್ಕ ತಲೆಯ ಮೇಲೆ ಕೈ ಹೊತ್ತು ಕೂತಳು. ಬೇಕರಿಯವನು ಮಾತ್ರ ಅದರ ಕಾಲು, ಎದೆ, ಬೆನ್ನು ಸವರಿ ನೋಡಿ, ಹುಟ್ಟುವ ಮರಿಯಲ್ಲಿ ತನಗೂ ಅರ್ಧ ಪಾಲು, ಮೇವು ತನ್ನದು ಎಂದುಬಿಟ್ಟ. ಇಬ್ಬರಿಗೂ ಓಟದ ಕುದುರೆಯ ಬಗ್ಗೆ ಗೊತ್ತಿದ್ದದ್ದು ಅಷ್ಟಕ್ಕಷ್ಟೆ. ಗೊತ್ತಿಲ್ಲದ್ದರಲ್ಲಿ ಕೈ ಹಾಕಲು ಧೈರ್ಯ ಬೇಕಾಗುವುದಿಲ್ಲ, ಜೊತೆಗೆ ಒಬ್ಬ ಭಾವನಿದ್ದರೆ ಸಾಕು.

ಆಗ ಅವರಿಬ್ಬರೂ ಹಾಗಿದ್ದರು. ದಿನಾ ಸಂಜೆ ಭಾವ ಉಪಕರಣದ ಚೀಲ ಹೆಗಲಿಗೆ ಹಾಕಿಕೊಂಡು ಬೇಕರಿಯ ಮುಂದೆ ಹಾದು ಹೋಗಬೇಕು, ಇವನು ಗಲ್ಲಾದ ಹಿಂದಿನಿಂದಲೇ "ಬನ್ನಿ ಭಾವಾ, ಟೀ ಕುಡ್ಕೊಂಡು ಹೋಗೋರಂತೆ" ಎಂದು ಎಳೆದು ಕೂಗಬೇಕು. ಕೆಲಸ ಇದೆ ಕಣಯ್ಯಾ ಎನ್ನುತ್ತಲೇ ಅವರು ಒಳಗೆ ಬಂದು ಕೂರಬೇಕು. ಮಳೆ ಬರಲಿ, ಬಿಸಿಲಿರಲಿ, ಇದು ತಪ್ಪಿದ್ದಿಲ್ಲ.

ಮರಿ ಹಾಕುವ ದಿನ ಹತ್ತಿರ ಬಂದಾಗ ಕೆಚ್ಚಲ ತುದಿಯಲ್ಲಿ ಮೇಣದಂಥ ಹನಿ ಕಾಣಿಸಿಕೊಂಡಿತು. ಅಂದು ಕಾವಲು ಭಾವನದು. ಬೆಳಗಿನ ಜಾವ ಕುದುರೆ ನೋವು ತಿನ್ನಲು ಶುರು ಮಾಡಿದಾಗ ಭಾವ ಫೋನ್ ಮಾಡಿದರು. ಮತ್ತೆ ಮಾಡಿದರು. ಬೇಕರಿಯವನು ಹಿಟ್ಟು ನಾದುತ್ತಿದ್ದ. ನಾದುವಾಗ ಫೋನ್ ಮುಟ್ಟುವುದಿಲ್ಲ ಎಂಬುದು ಅವನ ಕಟ್ಟಳೆ. ಅದು ಮೊಳೆಗೆ ನೇತುಹಾಕಿದ ಅಂಗಿಯ ಜೇಬಿನಲ್ಲಿ ದನಿ ಸತ್ತು ಬಿದ್ದಿತ್ತು. ಕಡೆಗೆ ಭಾವ ವೈದ್ಯರಿಗೆ ತಿಳಿಸಿ, ಸ್ಕೂಟರ್ ಹತ್ತಿ ಇವನನ್ನು ಕರೆತರಲು ಬಂದರು. ಇಬ್ಬರೂ ವಾಪಸು ಹೋಗುವ ಹೊತ್ತಿಗೆ ಮರಿ ಒದ್ದೆಯಾಗಿ ಹುಲ್ಲಿನ ಮೇಲೆ ಬಿದ್ದಿತ್ತು. ತಾಯಿ ನಿಂತೇ ನಡುಗುತ್ತಿತ್ತು, ಒಸಡು ಸುಣ್ಣದ ಹಾಗೆ ಬಿಳಿಚಿಕೊಂಡಿತ್ತು. ನೋಡನೋಡುತ್ತಿದ್ದಂತೆ ಮಂಡಿ ಮಡಿಸಿ ಕುಸಿಯಿತು.

ಒಳಗೆ ರಕ್ತನಾಳ ಒಡೆದಿದೆ, ವಯಸ್ಸಾದ ಕುದುರೆಗಳಿಗೆ ಹೀಗಾಗುತ್ತದೆ, ಪಕ್ಕದಲ್ಲಿ ನಾನೇ ನಿಂತಿದ್ದರೂ ಉಳಿಯುತ್ತಿರಲಿಲ್ಲ ಎಂದು ವೈದ್ಯರು ಆಮೇಲೆ ಹೇಳಿದರು. ಆಮೇಲೆ. ಅದಕ್ಕೆ ಮುಂಚೆಯೇ, ಅಕ್ಕ ಇದ್ದಾಳೆ, ಬೇಲಿಯಾಚೆ ಅಕ್ಕಪಕ್ಕದವರು ನಿಂತಿದ್ದಾರೆ ಎಂಬುದನ್ನೂ ನೋಡದೆ, ಬೇಕರಿಯವನು ಭಾವನ ಮುಖಕ್ಕೇ ಹೇಳಿಬಿಟ್ಟಿದ್ದ:

"ಇಂಥ ಕತ್ತೇನ ಕಾವಲಿಗೆ ಬಿಟ್ಟಿದ್ದೇ ನನ್ನ ತಪ್ಪು."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬುದು ಎಲ್ಲರಿಗೂ ಬಾಯಿಪಾಠ, ಆಡುವ ಹೊತ್ತಿಗೆ ಮಾತ್ರ ಯಾರಿಗೂ ನೆನಪಾಗುವುದಿಲ್ಲ. ಭಾವ ಮೈಮೇಲಿದ್ದ ಸ್ವೆಟರ್ ತೆಗೆದು ಮರಿಯ ಮೈ ಉಜ್ಜತೊಡಗಿದರು. ಫೋನ್ ಎತ್ತದೆ ಇದ್ದವನು ಯಾರೆಂದು ಅವರೂ ಹೇಳಲಿಲ್ಲ, ಇವನೂ ಹೇಳಲಿಲ್ಲ. ಗೊತ್ತಿದ್ದದ್ದು ಇಬ್ಬರಿಗೂ ಗೊತ್ತಿತ್ತು.

ತಾಯಿಯಿಲ್ಲದ ಮರಿಗೆ ಹಗಲು ರಾತ್ರಿ ಬಾಟಲಿ ಹಾಲು. ಭಾವ ಮೈದುನ ಇಬ್ಬರೂ ಸರದಿಯ ಮೇಲೆ ಕುಡಿಸಿದರು, ಒಬ್ಬರ ಮುಖ ಒಬ್ಬರು ನೋಡದೆ. ಹಾಲು ಬಿಸಿ ಇದೆ ಅಂತ ಹೇಳಕ್ಕ, ಗೊತ್ತು ಅಂತ ಹೇಳೇ, ಹೀಗೆ ನಡೆಯಿತು ಸಂಸಾರ. ಅಕ್ಕ ಅವರ ಮಧ್ಯೆ ಅಂಚೆಯವಳಾಗಿ ಸಾಕಾಗಿ, ಇಬ್ಬರಿಗೂ ಒಂದೊಂದು ಬಾಟಲಿ ಕೊಟ್ಟು ನೀವೇ ಕುಡ್ಕೊಂಡು ಬಿದ್ದಿರಿ ಎಂದು ಒಂದು ದಿನ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮರಿಗೆ ತಿಂಗಳು ತುಂಬುವ ಹೊತ್ತಿಗೆ ವೈದ್ಯರು ಇನ್ನೊಂದು ಮಾತು ಹೇಳಿದರು. ಬರೀ ಮನುಷ್ಯರ ನಡುವೆ ಬೆಳೆದರೆ ಇವಳು ತನ್ನನ್ನು ಮನುಷ್ಯಳೆಂದೇ ತಿಳಿದುಕೊಳ್ಳುತ್ತಾಳೆ, ನಾಲ್ಕು ಕಾಲಿನ ಜೊತೆ ಬೇಕು. ಮಾರನೆಯ ದಿನವೇ ಭಾವ ಇಟ್ಟಿಗೆ ಗೂಡಿನವರಿಂದ ಒಂದು ಮುದಿ ಕತ್ತೆಯನ್ನು ತಂದು ಬಯಲಿನಲ್ಲಿ ಬಿಟ್ಟರು. ಮರಿ ಅದರ ಹೊಟ್ಟೆಯಡಿ ತಲೆ ತೂರಿಸಿ ನಿಂತುಕೊಂಡಿತು, ಕತ್ತೆ ಬೇಡವೆನ್ನಲಿಲ್ಲ. ಅಂದು ಭಾವ ಮೊದಲ ಸಲ ನೇರವಾಗಿ ಮೈದುನನ ಕಡೆ ತಿರುಗಿ ಮಾತಾಡಿದರು.

"ಭಾವನ್ನ ಕತ್ತೆ ಅಂದೆ. ಆಡಿದ ಮಾತು ವಾಪಸ್ ತಗೊಳ್ಳಕ್ಕಾಗಲ್ಲ ಬಿಡು. ಅದಕ್ಕೇ ಈ ಕತ್ತೆಗೆ ಭಾವ ಅಂತ ಹೆಸರಿಟ್ಟಿದೀನಿ. ಇನ್ಮೇಲೆ ಕತ್ತೇನ ಭಾವ ಅನ್ನು, ಲೆಕ್ಕ ಸರಿಹೋಗತ್ತೆ."

ನಗುತ್ತಲೇ ಹೇಳಿದರು. ಇವನೂ ಅಲ್ಲೇ ನಕ್ಕುಬಿಟ್ಟಿದ್ದರೆ ಎಲ್ಲ ಮುಗಿದುಹೋಗುತ್ತಿತ್ತು. ಆದರೆ ಬೇಕರಿಯವನಿಗೆ ಕೋಪ ಮೂಗಿನ ತುದಿಯಲ್ಲಿ. ಇಳಿಯುವಾಗ ಮಾತ್ರ ಅದಕ್ಕೆ ದಾರಿ ಸಿಗುವುದಿಲ್ಲ. ಅಂದಿನಿಂದ ಅವನು ಆ ಶಬ್ದವನ್ನೇ ಬಿಟ್ಟ. ಭಾವ ಎಂದರೆ ಕತ್ತೆಯನ್ನು ಕರೆದ ಹಾಗೆ, ಕತ್ತೆಯನ್ನು ಕರೆದರೆ ತಪ್ಪು ಒಪ್ಪಿಕೊಂಡ ಹಾಗೆ. ಮನುಷ್ಯನಿಗೆ 'ನೋಡಿ ಇಲ್ಲಿ' ಎಂದ, ಪ್ರಾಣಿಗೆ 'ಹೋಯ್' ಎಂದ. ಕ್ರಮೇಣ ಸಿಟ್ಟು ತಣ್ಣಗಾಯಿತು. ಒಟ್ಟಿಗೆ ಕೂತು ಗುಬ್ಬಿಯ ಗೊರಸಿನ ಬಗ್ಗೆ, ತೂಕದ ಬಗ್ಗೆ ಮಾತಾಡುವಂತಾದರು. ಟೀಯನ್ನೂ ಕುಡಿದರು. ಆ ಕರೆಯೊಂದು ಮಾತ್ರ ವಾಪಸು ಬರಲಿಲ್ಲ. ದಿನ ಕಳೆದಷ್ಟೂ ಅದು ಗಂಟಲಲ್ಲಿ ದಪ್ಪವಾಗುತ್ತ ಹೋಯಿತು.

ಭಾವ ಸುಮ್ಮನೆ ಕೂರುವವರಲ್ಲ. ಗುಬ್ಬಿಗೆಂದು ಬೇಕರಿಯಿಂದ ಬರುತ್ತಿದ್ದ ಒಣ ಬ್ರೆಡ್ಡಿನ ಅಂಚುಗಳನ್ನು ಜೇಬಿಗೆ ತುಂಬಿಕೊಂಡು ಸಂಜೆ ಬೇಲಿಯ ಬಳಿ ನಿಂತು, ಮೈದುನನ ದನಿಯನ್ನೇ ಅಣಕಿಸಿ, ಮೂಗಿನಲ್ಲಿ ಎಳೆದು ಕೂಗುವರು: "ಬನ್ನಿ ಭಾವಾ…" ಕತ್ತೆ ದೂರದಿಂದ ಕಿವಿ ನಿಮಿರಿಸಿ ಗಂಭೀರವಾಗಿ ನಡೆದು ಬರುವುದು, ಅದರ ಹಿಂದೆ ಗುಬ್ಬಿ. ಬೇರೆ ಯಾವ ಕರೆಗೂ ಆ ಕತ್ತೆ ಹೆಜ್ಜೆ ಎತ್ತಿಡುತ್ತಿರಲಿಲ್ಲ. ಒಂದು ಸಂಜೆ ಬೇಕರಿಯವನು ಪಕ್ಕದಲ್ಲೇ ನಿಂತಿದ್ದಾಗ ಭಾವ ಬ್ರೆಡ್ಡಿನ ತುಂಡನ್ನು ಅವನ ಕೈಗಿಟ್ಟರು.

"ನೀನೂ ಒಂದ್ಸಲ ಕರಿಯಯ್ಯಾ," ಎಂದರು. "ಇಬ್ಬರಲ್ಲಿ ಯಾರು ಬಂದ್ರೂ ಸರಿ."

ಅವನು ತುಂಡನ್ನು ಗುಬ್ಬಿಗೆ ತಿನ್ನಿಸಿ, ಒಲೆ ಆರುತ್ತದೆ ಎಂದು ಹೊರಟುಬಿಟ್ಟ. ಒಲೆಯೇನೂ ಆರುತ್ತಿರಲಿಲ್ಲ. ಹೋದ ಚಳಿಗಾಲದಲ್ಲಿ ಭಾವ ಯಾರದೋ ಮನೆಯ ಸಿಂಕಿನ ಕೆಳಗೆ ಸ್ಪ್ಯಾನರ್ ಹಿಡಿದುಕೊಂಡಿದ್ದ ಹಾಗೇ ತೀರಿಹೋದರು. ಬೇಕರಿಯವನು ಓಡಾಡಿ ಎಲ್ಲವನ್ನೂ ಮಾಡಿದ, ಅಕ್ಕನನ್ನು ಕೂರಿಸಿಕೊಂಡು ಊಟ ಮಾಡಿಸಿದ. ಸುತ್ತ ನಿಂತವರೆಲ್ಲ ಅವರವರ ಸಂಬಂಧ ಹಿಡಿದು ಕರೆದು ಅತ್ತರು. ಅವನು ಮಾತ್ರ ಏನೂ ಕರೆಯದೆ ಅತ್ತ.

ಈಗ ಟ್ರೈನರ್ ಮಾತು ಕೇಳಿ ಅಕ್ಕನ ಅಡುಗೆಮನೆಯಲ್ಲಿ ಬಂದು ನಿಂತಿದ್ದ. ಕತ್ತೆ ಕಿಟಕಿಯಾಚೆಯೇ ಇತ್ತು. ಗುಬ್ಬಿ ಹೋದ ಮೇಲೆ ಅದೂ ಸೊರಗಿತ್ತು, ಗೇಟಿನ ಕಡೆ ಮುಖ ಮಾಡಿ ನಿಂತು ಅರಚುವುದೇ ಕೆಲಸವಾಗಿತ್ತು. ಅಕ್ಕ ಒಗೆದ ಬಟ್ಟೆ ಮಡಿಸುತ್ತ ಎಲ್ಲ ಕೇಳಿಸಿಕೊಂಡಳು. ಗುಬ್ಬಿ ಒಂದು ಸಲವಾದರೂ ಓಡಬೇಕು, ಅದೊಂದೇ ಅವರಿಗೆ ಆಸೆ ಇತ್ತು ಎಂದಳು. ಕತ್ತೆ ಅಲ್ಲೇ ಇದೆ, ಕರೆದುಕೊಂಡು ಹೋಗು ಎಂದಳು.

"ನೀನೇ ಸ್ವಲ್ಪ ಕರಿಯಕ್ಕ."

"ಅದು ಬರೋದು ಒಂದೇ ಮಾತಿಗೆ. ಆ ಮಾತು ನಾನು ಹೇಗೋ ಹೇಳ್ಲಿ? ಅವರು ನನಗೇನು ಭಾವನಾ?"

ನ್ಯಾಯವಾದ ಮಾತು. ಬೇಕರಿಯವನು ಹೊರಗೆ ಬಂದು ಫೋನ್ ತೆಗೆದ. ಲಾರಿಯವನನ್ನು ಕರೆಸಿದ.

ಲಾರಿಯವನು ಗಟ್ಟಿ ಆಳು, ಹುಲ್ಲಿನ ಹೊರೆಯಿಂದ ಪಿಯಾನೋವರೆಗೆ ಎಲ್ಲ ಹೊತ್ತವನು. ಮೊದಲು ಕ್ಯಾರೆಟ್ ತೋರಿಸಿದರು. ಕತ್ತೆ ಕತ್ತು ಚಾಚಿ ಕ್ಯಾರೆಟ್ ತಿಂದಿತು, ಕಾಲು ಚಾಚಲಿಲ್ಲ. ಹಗ್ಗ ಹಾಕಿ ಎಳೆದರು, ಹಗ್ಗ ಬಿಗಿಯಾಯಿತು. ಹಿಂದಿನಿಂದ ತಳ್ಳಿದರೆ ಅದು ಆರಾಮವಾಗಿ ಒರಗಿಕೊಂಡಿತು. ಜಪ್ಪಯ್ಯ ಎಂದರೂ ಅಲುಗಲಿಲ್ಲ. ಕಡೆಗೆ ಬೇಕರಿಯವನೇ ಬಗ್ಗಿ ಮುಂಗಾಲೊಂದನ್ನು ಎರಡೂ ಕೈಯಲ್ಲಿ ಹಿಡಿದು ಎತ್ತಿ, ಲಾರಿಗೆ ಆನಿಸಿದ್ದ ಹಲಗೆಯ ಮೇಲಿಟ್ಟ, ಆಮೇಲೆ ಇನ್ನೊಂದನ್ನು. ಕತ್ತೆಯ ಹಿಂಭಾಗಕ್ಕೆ ಹಗ್ಗ ಬಳಸಿ ಲಾರಿಯವನು ಮುಂದಕ್ಕೆ ಜಗ್ಗುತ್ತಿದ್ದ. ಹೀಗೆ ಒಂದೊಂದೇ ಕಾಲು ಎತ್ತಿಡುತ್ತ, ಬೆವರು ಸುರಿಸುತ್ತ, ಅಡುಗೆಮನೆಯ ಕಿಟಕಿಯ ಕಡೆ ತಿರುಗಿ ನೋಡದೆ ಹತ್ತಿಸಿದರು.

"ಕಾರ್ಯವಾಸಿ ಕತ್ತೆ ಕಾಲು ಹಿಡಿ ಅಂತಾರಲ್ಲಣ್ಣಾ," ಎಂದ ಲಾರಿಯವನು ಏದುಸಿರು ಬಿಡುತ್ತ. "ನಿಜವಾಗ್ಲೂ ಹಿಡಿದವರನ್ನ ಇವತ್ತೇ ನೋಡಿದ್ದು."

ಬೇಕರಿಯವನಿಗೆ ಒಳಗೊಳಗೇ ಗೆದ್ದ ಸಮಾಧಾನ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಕತ್ತೆ ಹತ್ತಿತು, ಮಾತು ಆಡಲಿಲ್ಲ. ಅಷ್ಟರಲ್ಲಿ ಅಕ್ಕ ಬೀಗ ಹಾಕಿಕೊಂಡು, ಒಣ ಬ್ರೆಡ್ಡಿನ ಚೀಲ ಹಿಡಿದು ಬಂದು ಲಾರಿಯ ಮುಂದಿನ ಸೀಟಿನಲ್ಲಿ ಕೂತಳು. ತಾನೂ ಗುಬ್ಬಿಯನ್ನು ನೋಡಬೇಕು ಎಂದಳು.

ಟ್ರೈನರ್ ಅಂಗಳ ನೋಡಿದವರು ಚಪ್ಪಲಿ ಬಿಟ್ಟು ಒಳಗೆ ಹೋಗಬೇಕೇನೋ ಎಂದುಕೊಳ್ಳುವಷ್ಟು ಚೊಕ್ಕಟವಾಗಿತ್ತು. ಎರಡು ಸಾಲು ಲಾಯ, ಬಾಗಿಲಿಗೊಂದು ಹಸಿರು ಬಕೆಟ್, ನಡುವೆ ಗುಡಿಸಿದ ಮರಳು. ಸಂಜೆಯ ಮೇವಿನ ಹೊತ್ತು. ಕುದುರೆ ಆಳುಗಳು ಕೈಗಾಡಿ ತಳ್ಳುತ್ತಿದ್ದರು, ತಂಪು ಕನ್ನಡಕದ ಇಬ್ಬರು ಮಾಲೀಕರು ತಮ್ಮ ಕುದುರೆಯ ಮೂಗು ಸವರುತ್ತ ನಿಂತಿದ್ದರು. ಕೊನೆಯ ಬಾಗಿಲಲ್ಲಿ ಗುಬ್ಬಿ. ಕತ್ತು ಎಲುಬಾಗಿ, ಕಣ್ಣು ಎಲ್ಲೂ ನಿಲ್ಲದೆ, ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ ತೂಗುತ್ತಿದ್ದಳು. ಬೇಕರಿಯವನನ್ನು ಕಂಡರೂ ತೂಗುವುದು ನಿಲ್ಲಲಿಲ್ಲ.

ಲಾರಿಯ ಹಲಗೆ ಇಳಿಸಿದರು. ಕತ್ತೆ ಒಳಗೇ ನಿಂತಿತ್ತು. ಬೇಕರಿಯವನು ತೋಳು ಮಡಿಸಿ ಮತ್ತೆ ಕಾಲು ಹಿಡಿಯಲು ಹೋದಾಗ ಟ್ರೈನರ್ ಅಡ್ಡ ಬಂದ. ಹಲಗೆ ಕಡಿದಾಗಿದೆ, ಇಳಿಯುವಾಗ ಎಳೆದಾಡಿದರೆ ಕಾಲು ಮುರಿಯುತ್ತದೆ, ಗಲಾಟೆಗೆ ಮಿಕ್ಕ ಕುದುರೆಗಳು ಬೆದರುತ್ತವೆ; ತಾನಾಗಿ ಇಳಿದರೆ ಇಳಿಯಲಿ, ಇಲ್ಲವಾದರೆ ಲಾರಿ ಬಂದ ದಾರಿಯಲ್ಲೇ ಹೋಗಲಿ ಎಂದ. ಆಳೊಬ್ಬ ಸಿಳ್ಳೆ ಹಾಕಿದ, ಇನ್ನೊಬ್ಬ ಬಕೆಟ್ ಅಲ್ಲಾಡಿಸಿದ. ಕತ್ತೆ ಅವರನ್ನು ನೋಡಿತು, ಅಷ್ಟೆ.

"ಇದಕ್ಕೆ ಹೆಸರಿಲ್ವಾ?" ಎಂದು ಆಳು ಕೇಳಿದ.

ಬೇಕರಿಯವನು ಅಕ್ಕನ ಕಡೆ ನೋಡಿದ. ಅವಳು ಬ್ರೆಡ್ಡಿನ ಚೀಲದ ಗಂಟು ಬಿಚ್ಚುತ್ತಿದ್ದಳು, ತಲೆಯೆತ್ತಲಿಲ್ಲ. ಅವನು ಹಲಗೆಯ ಹತ್ತಿರ ಹೋಗಿ, ಯಾರಿಗೂ ಕೇಳಿಸದ ಹಾಗೆ, "ಬಾ ಭಾವ," ಎಂದ. ಕತ್ತೆಯ ಒಂದು ಕಿವಿ ತಿರುಗಿತು. ಹಿಂದೆ ಯಾರೋ ಕಿಸಕ್ಕೆಂದರು.

"ಹಾಗಲ್ಲ ಕಣೋ ನೀನು ಕರೀತಿದ್ದಿದ್ದು," ಎಂದಳು ಅಕ್ಕ.

ಅವಳ ದನಿಯಲ್ಲಿ ಕೋಪ ಇರಲಿಲ್ಲ. ಅದೇ ಅವನಿಗೆ ತಡೆಯಲಾಗಲಿಲ್ಲ. ತಾನು ಅಣಕ ಎಂದುಕೊಂಡಿದ್ದು ಅಣಕವಲ್ಲ ಎಂದು ಅವನಿಗೆ ಆಗ ಹೊಳೆಯಿತು. ಆ ಕರೆ ಕೇಳದೆ ಭಾವನಿಗೆ ಸಂಜೆ ಕಳೆಯುತ್ತಿರಲಿಲ್ಲ; ಯಾರೂ ಕರೆಯದಿದ್ದಾಗ ತಾವೇ ಕರೆದುಕೊಂಡರು, ಬರುವುದಕ್ಕೆ ಒಂದು ಕತ್ತೆಯನ್ನು ಇಟ್ಟುಕೊಂಡರು. ಬೇಕರಿಯವನು ನೆಟ್ಟಗೆ ನಿಂತ. ಆಳುಗಳು, ಮಾಲೀಕರು, ಟ್ರೈನರ್ ಎಲ್ಲರ ಮುಂದೆ, ಬೀದಿಯಾಚೆಗೂ ಕೇಳಿಸುವ ಹಾಗೆ ಎಳೆದು ಕೂಗಿದ.

"ಬನ್ನಿ ಭಾವಾ… ಟೀ ಕುಡ್ಕೊಂಡು ಹೋಗೋರಂತೆ."

ಕೊನೆಯ ಲಾಯದಲ್ಲಿ ಗುಬ್ಬಿ ತೂಗುವುದನ್ನು ನಿಲ್ಲಿಸಿದಳು. ಕತ್ತು ಮೇಲೆತ್ತಿ ಅಂಗಳ ಅದುರುವಂತೆ ಕೆನೆದಳು. ಕತ್ತೆ ಹಲಗೆಯ ಮೇಲೆ ಒಂದು ಕಾಲಿಟ್ಟು, ನೋಡಿ, ಇನ್ನೊಂದು ಕಾಲಿಟ್ಟು, ಮದುವೆಗೆ ಬಂದ ಹಿರಿಯರ ಹಾಗೆ ನಿಧಾನವಾಗಿ ಇಳಿದು ಬಂದು ಅವನ ಎದುರು ನಿಂತಿತು. ಅಕ್ಕ ಬ್ರೆಡ್ಡಿನ ತುಂಡು ಕೊಟ್ಟಳು. ಕತ್ತೆ ಬಂದಾಗಿತ್ತು, ತಿನ್ನುತ್ತಲೂ ಇತ್ತು. ಆದರೂ ಬೇಕರಿಯವನು ಗೇಟಿನ ಕಡೆ ನೋಡುತ್ತ ಇನ್ನೊಂದು ಸಲ ಕರೆದ. ಈ ಸಲ ಯಾರೂ ನಗಲಿಲ್ಲ.

ಕತ್ತೆಯನ್ನು ಲಾಯದೊಳಗೆ ಬಿಟ್ಟ ಮೇಲೆ ಗುಬ್ಬಿ ಅದರ ಬೆನ್ನು, ಕತ್ತು, ಕಿವಿ ಎಲ್ಲ ಮೂಸಿದಳು. ಆಮೇಲೆ ತೊಟ್ಟಿಗೆ ಬಾಯಿ ಹಾಕಿದಳು. ಕತ್ತೆಯೂ ಅದೇ ತೊಟ್ಟಿಗೆ ಬಾಯಿ ಹಾಕಿತು. ಟ್ರೈನರ್ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿ, ಹೆಸರು ವಾಪಸ್ ತೆಗೆಯುವುದಿಲ್ಲ ಎಂದು ಹೇಳಿ ಹೋದ. ಮುಂದಿನ ವಾರ ಗುಬ್ಬಿ ಓಡಿದಳು, ಮೂರನೆಯವಳಾಗಿ ಬಂದಳು. ಮೈಕಿನವನು ಅವಳ ಉದ್ದನೆಯ ಹೆಸರನ್ನು ತಪ್ಪಾಗಿ ಕೂಗಿದ.

ಕತ್ತೆಯನ್ನು ತಂದ ಆ ಸಂಜೆ ಲಾರಿಯವನು ಹಾರನ್ ಮಾಡಿ ಕರೆಯುತ್ತಿದ್ದರೂ ಬೇಕರಿಯವನು ಲಾಯದಿಂದ ಹೊರಗೆ ಬರಲಿಲ್ಲ. ಕತ್ತೆ ಇಳಿದು ಬರುವಾಗ ಕುಂಟಿದ ಹಾಗಿತ್ತು, ಗೊರಸಲ್ಲಿ ಕಲ್ಲು ಸಿಕ್ಕಿದೆಯೇನೋ ನೋಡುತ್ತೇನೆ ಎಂದು ಹುಲ್ಲಿನ ಮೇಲೆ ಮಂಡಿಯೂರಿ ಅದರ ಮುಂಗಾಲನ್ನು ಎತ್ತಿ ಎರಡು ಕೈಯಲ್ಲಿ ಹಿಡಿದುಕೊಂಡಿದ್ದ. ಕತ್ತೆ ಕುಂಟಿದ್ದನ್ನು ಬೇರೆ ಯಾರೂ ನೋಡಿರಲಿಲ್ಲ. ಈಗ ಆಗಬೇಕಾದ ಕಾರ್ಯವೂ ಯಾವುದೂ ಇರಲಿಲ್ಲ. ಅವನ ಹೆಗಲು ಅಲುಗುತ್ತಿತ್ತು. ಅಕ್ಕ ಬಾಗಿಲ ಚೌಕಟ್ಟಿಗೆ ಒರಗಿ ಸಾಕಷ್ಟು ಹೊತ್ತು ಕಾದಳು.

"ಕಲ್ಲಿದೆಯೇನೋ?"

"ಇಲ್ಲ."

"ಹಾಗಾದ್ರೆ ಬಿಡು," ಎಂದಳು. "ಅವರಿಗೆ ಕಾಲು ನೋಯತ್ತೆ."